ಮಾಬ್ಲಿ ಓದದೆ ಬಿಟ್ಟ ಅಕ್ಷರಗಳು

ಜಾನೀನ್ ಪ್ರಾಬರ್ಟ್ ಉತ್ತರ ವೇಲ್ಸಿನ ಬಾಲಾ ಪೇಟೆಯ ಕನ್ನಡಕದಂಗಡಿಯನ್ನು ಕೊಂಡು ಒಂದೂವರೆ ವರ್ಷವಾಗಿತ್ತು. ಈಚೆಗೆ ಅವಳಿಗೊಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಬೆಳಗ್ಗೆ ಕಿಟಕಿಯ ಹತ್ತಿರ ನಿಂತು, ರಸ್ತೆಯ ಆಚೆ ಬದಿಯಲ್ಲಿ ರೆಕ್ಸಮ್ ಬಸ್ಸು ಹತ್ತುವವರನ್ನೇ ನೋಡುತ್ತಿದ್ದಳು. ಅವರಲ್ಲಿ ಅರ್ಧಕ್ಕರ್ಧ ಮಂದಿಯ ಹೆಸರು ಅವಳ ಬೀರುವಿನ ಹಳೆಯ ಕಾರ್ಡುಗಳಲ್ಲಿತ್ತು. ಎಲ್ಲರೂ ನಲವತ್ತು ವರ್ಷ ಪಾರಿ ಎಂಬ ಹಿರಿಯರ ಹತ್ತಿರ ಕಣ್ಣು ತೋರಿಸಿಕೊಂಡವರು. ಪಾರಿಯವರು ಅಂಗಡಿ ಮಾರಿ ಸಮುದ್ರದ ಕಡೆಯ ಮಗಳ ಮನೆ ಸೇರಿದ ಮೇಲೆ, ಅವರ ಗಿರಾಕಿಗಳು ಒಬ್ಬೊಬ್ಬರಾಗಿ ಆ ಬಸ್ಸು ಹತ್ತಿ, ರೆಕ್ಸಮ್‌ನ ದೊಡ್ಡ ಅಂಗಡಿಗಳಲ್ಲಿ ಹೊಸ ಕನ್ನಡಕ ಹಾಕಿಸಿಕೊಂಡು ಬರತೊಡಗಿದ್ದರು. ಹಾಗೆಂದು ಜಾನೀನ್‌ಳನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ. ನಗುತ್ತಿದ್ದರು, ಮಳೆಯ ಬಗ್ಗೆ ಎರಡು ಮಾತಾಡುತ್ತಿದ್ದರು. ಆ ಮರ್ಯಾದೆಯೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಕೆಲಸದಲ್ಲಿ ಅವಳು ಅನನುಭವಿಯಲ್ಲ. ದಕ್ಷಿಣದ ನ್ಯೂಪೋರ್ಟಿನ ಒಂದು ದೊಡ್ಡ ಕಂಪನಿಯ ಅಂಗಡಿಯಲ್ಲಿ ಹನ್ನೊಂದು ವರ್ಷ, ತಲೆಗೆ ಇಪ್ಪತ್ತೇ ನಿಮಿಷದಂತೆ ಕಣ್ಣು ನೋಡಿ ನೋಡಿ ಬೇಸತ್ತು, ಬಂದವರನ್ನು ಹೆಸರು ಹಿಡಿದು ಕರೆಯುವಂಥ ಸಣ್ಣ ಊರು ಬೇಕೆಂದು ಉತ್ತರಕ್ಕೆ ಬಂದವಳು. ಬಂದ ಹೊಸದರಲ್ಲಿ ಗೋಡೆಗೆ ಬಣ್ಣ ಹೊಡೆಸಿದಳು. ಊರಿನ ಮಾತಾದ ವೆಲ್ಶ್‌ನಲ್ಲಿದ್ದ ಪಾರಿಯವರ ಹಲಗೆಯನ್ನು ಇಳಿಸಿ, ಪ್ರವಾಸಿಗರಿಗೂ ತಿಳಿಯಲೆಂದು ‘ಲೇಕ್ ವ್ಯೂ ಐ ಕೇರ್’ ಎಂಬ ಇಂಗ್ಲಿಷ್ ಹಲಗೆ ಹಾಕಿಸಿದಳು. ಶಾಲೆಯಲ್ಲಿ ಅವಳಿಗೂ ವೆಲ್ಶ್ ಕಲಿಸಿದ್ದರು. ಅದರಲ್ಲಿ ಉಳಿದದ್ದು ನಮಸ್ಕಾರ, ಮಳೆ ಬರುತ್ತಿದೆ, ನನಗೆ ಕಾಫಿ ಇಷ್ಟ, ಇಷ್ಟೇ. ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಲ್ಲ, ಇನ್ನೇನು ಬೇಕು ಎಂದುಕೊಂಡಿದ್ದಳು.

ಅಂಗಡಿಯ ಜೊತೆಗೆ ನೆಸ್ಟಾ ಕೂಡ ಬಂದಿದ್ದಳು. ಅರವತ್ತಮೂರರ ನೆಸ್ಟಾ ಪಾರಿಯವರ ಕಾಲದಿಂದಲೂ ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವವಳು, ಬಂದವರನ್ನು ಕೂರಿಸುವವಳು, ಯಾರ ಮಗಳು ಯಾರನ್ನು ಬಿಟ್ಟಳೆಂದು ಪೇಟೆಗೆಲ್ಲ ಮೊದಲು ತಿಳಿದುಕೊಳ್ಳುವವಳು.

ಮಾರ್ಚಿನ ಒಂದು ಬುಧವಾರ ನೆಸ್ಟಾ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದಳು. ಅವತ್ತೇ ಗುಡ್ಡದ ಮೇಲಿನ ಹೊಲಮನೆಯಿಂದ ಹೆಲೆದ್ ಎಂಬ ಹೆಂಗಸು, ಕಂಕುಳಲ್ಲೊಂದು ಕೂಸು, ಕೈಯಲ್ಲಿ ಐದು ವರ್ಷದ ಮಗಳು ಮಾಬ್ಲಿಯನ್ನು ಹಿಡಿದು ಬಂದಳು. ಮಾಬ್ಲಿ ತರಗತಿಯಲ್ಲಿ ಪದೇಪದೇ ಕಣ್ಣು ಉಜ್ಜಿಕೊಳ್ಳುತ್ತಾಳೆಂದು ಶಾಲೆಯ ಟೀಚರು ಚೀಟಿ ಬರೆದು ಕಳಿಸಿದ್ದರು. ಒಳಗೆ ಕಾಲಿಟ್ಟದ್ದೇ ಕೂಸು ಕಿರುಚಲು ಶುರುಮಾಡಿತು. ಹೆಲೆದ್ ಅದನ್ನು ತಟ್ಟುತ್ತ ಹೊರಗಿನ ಕೋಣೆಯಲ್ಲೇ ಅಡ್ಡಾಡುತ್ತಿದ್ದಳು. ಜಾನೀನ್ ಬಾಗಿಲು ತೆರೆದೇ ಇಟ್ಟು, ಮಾಬ್ಲಿಯನ್ನು ಎತ್ತಿ ದೊಡ್ಡ ಕುರ್ಚಿಯಲ್ಲಿ ಕೂರಿಸಿದಳು.

“ಎಲ್ಲಿ ಪುಟ್ಟಿ, ಅಲ್ಲಿ ಕಾಣೋ ಅಕ್ಷರ ಒಂದೊಂದಾಗಿ ಹೇಳು ನೋಡೋಣ,” ಎಂದಳು ಇಂಗ್ಲಿಷಿನಲ್ಲಿ.

ಮಗುವಿಗೆ ಅಷ್ಟು ಅರ್ಥವಾಯಿತು. ಪಟದಲ್ಲಿ ಮೊದಲಿಗೆ ಯು ಇತ್ತು. ಮಾಬ್ಲಿ “ಈ” ಎಂದಳು. ಎಫ್ ಇದ್ದಲ್ಲಿ “ಎವ್” ಎಂದಳು. ಎನ್ ಸರಿ, ಡಿ ಸರಿ. ಇ ಬಂದಾಗ “ಎ” ಎಂದಳು. ಕೆ ಕಂಡಾಗ ತುಟಿ ಬಿಗಿದು ತಲೆ ಆಡಿಸಿದಳು. ವಿ, ಝಡ್ ಬಂದಾಗಲೂ ಅಷ್ಟೇ; ಕಾಲು ಕುಣಿಸುತ್ತ ನೆಲ ನೋಡಿದಳು. ಜಾನೀನ್ ಮಗು ಅಂದದ್ದನ್ನು ಕಾಗದದ ಮೇಲೆ ಬರೆದು, ಒಂದೊಂದಾಗಿ ತಪ್ಪಿನ ಗುರುತು ಹಾಕುತ್ತ ಹೋದಳು. ದೊಡ್ಡ ಅಕ್ಷರವಾದರೂ ಅಷ್ಟೇ, ಸಣ್ಣದಾದರೂ ಅಷ್ಟೇ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರೆ ಒಂದು ದೋಷವೂ ಇಲ್ಲ. ಕಣ್ಣು ಸರಿಯಿದ್ದೂ ಮಗುವಿಗೆ ಕಾಣುವುದಿಲ್ಲವೆಂದರೆ, ಕಂಡದ್ದು ಮಿದುಳಿಗೆ ತಲುಪುವಲ್ಲಿ ಏನೋ ಎಡವಟ್ಟಿದೆ.

“ದೊಡ್ಡಾಸ್ಪತ್ರೆಗೆ ಒಂದು ಕಾಗದ ಬರೆದುಕೊಡ್ತೀನಿ, ಅಲ್ಲಿ ತೋರಿಸಿಬಿಡಿ,” ಎಂದಳು ಹೆಲೆದ್‌ಳಿಗೆ.

ಹೆಲೆದ್‌ಳ ಮುಖ ಬಿಳಿಚಿತು. “ಮನೇಲಿ ಚೆನ್ನಾಗೇ ನೋಡ್ತಾಳಲ್ಲಾ ಡಾಕ್ಟ್ರೇ. ಎದುರು ಗುಡ್ಡದ ಕುರಿ ಬೆನ್ನಿಗೆ ಬಳಿದ ಗುರುತಿನ ಬಣ್ಣ ನೋಡಿ ಯಾರ ಮನೇದು ಅಂತ ಹೇಳ್ತಾಳೆ.”

“ಮನೆಯವರಿಗೆ ಹಾಗೇ ಅನ್ನಿಸುತ್ತೆ,” ಎಂದಳು ಜಾನೀನ್, ಸಮಾಧಾನದ ಮಾತೆಂದುಕೊಂಡು. ಹೆಲೆದ್ ಎರಡೂ ಮಕ್ಕಳನ್ನು ಎತ್ತಿಕೊಂಡು ಹೋದಳು.

ಮರುದಿನ ನೆಸ್ಟಾ ಒಂದು ಕೆನ್ನೆ ಊದಿಸಿಕೊಂಡೇ ಬಂದಳು. ಆಸ್ಪತ್ರೆಯ ಕಾಗದ ಟೈಪು ಮಾಡಲು ಕೂತವಳು ಮಾಬ್ಲಿಯ ಹಾಳೆಯನ್ನು ನೋಡಿದಳು, ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದಳು.

“ಏನಿದು? ಯುಗೆ ಈ ಅಂದ್ಲು ಅಂತ ತಪ್ಪು ಹಾಕಿದೀಯಾ?”

“ಹೌದು, ಹಾಗೇ ಅಂದ್ಲು.”

“ಮತ್ತಿನ್ನೇನನ್ಬೇಕು? ವೆಲ್ಶಲ್ಲಿ ನಾವದಕ್ಕೆ ಈ ಅಂತ್ಲೇ ಅನ್ನೋದು. ಎಫ್‌ಗೆ ಎವ್. ಇಗೆ ಎ. ಶಾಲೇಲಿ ಹಾಗೇ ಕಲಿಸ್ತಾರೆ. ಮಗು ಒಂದೂ ತಪ್ಪು ಹೇಳಿಲ್ವಲ್ಲೇ!”

ಜಾನೀನ್ ಹಾಳೆಯನ್ನು ಕಿತ್ತುಕೊಂಡಳು. “ಕೆ? ವಿ? ಝಡ್? ಅವನ್ನ ಬಾಯೇ ಬಿಡ್ಲಿಲ್ಲ.”

“ಹೇಗೆ ಬಿಡ್ತಾಳೆ? ನಮ್ಮ ಅಕ್ಷರಮಾಲೇಲಿ ಅವು ಇಲ್ವೇ ಇಲ್ಲ. ಐದು ವರ್ಷದ ಕೂಸು, ಇಂಗ್ಲಿಷ್ ಇನ್ನೂ ಶುರುವಾಗಿಲ್ಲ. ಕಂಡಿದ್ದು ಏನು ಅಂತ ಗೊತ್ತಿಲ್ದೆ ಸುಮ್ನಾಗಿದಾಳೆ, ಜಾಣೆ.” ನೆಸ್ಟಾ ಕೆನ್ನೆ ಹಿಡಿದುಕೊಂಡು ನಕ್ಕಳು, ನೋವಿಗೆ ಮುಖ ಕಿವಿಚಿದಳು. “ಆಸ್ಪತ್ರೆ ಮನೆ ಹಾಳಾಗ. ಕನ್ನಡಕ ಬೇಕಾಗಿರೋದು ಮಗೂ ಕಣ್ಣಿಗಲ್ಲ ಹುಡುಗಿ, ನಿನ್ನ ಕಿವಿಗೆ.”

ಜಾನೀನ್‌ಗೆ ನಗು ಬರಲಿಲ್ಲ. “ಇದಕ್ಕೆ ಮುಂಚೇನೂ ಮಕ್ಕಳು ಬಂದಿದ್ವಲ್ಲಾ ನೆಸ್ಟಾ. ಆಗ ಹೀಗಾಗಲಿಲ್ಲ.”

“ಆಗ ಬಾಗಿಲಲ್ಲಿ ನಾನು ನಿಂತಿರ್ತಿದ್ದೆ. ಅವು ಅಂದಿದ್ದನ್ನ ನಿನಗೆ ಇಂಗ್ಲಿಷಲ್ಲಿ ಕೂಗ್ತಿದ್ದೆ. ನೀನೇನಂದ್ಕೊಂಡಿದ್ದೆ, ಕೂಗೋದು ನನ್ನ ಚಟ ಅಂತಲಾ?”

ನಿಜಕ್ಕೂ ಜಾನೀನ್ ಹಾಗೆಯೇ ಅಂದುಕೊಂಡಿದ್ದಳು. ಹೆಲೆದ್‌ಳಿಗೆ ಫೋನಿನಲ್ಲೇ ಹೇಳಿ ಮುಗಿಸಬಹುದಾಗಿತ್ತು. ಆದರೆ ನಿನ್ನೆಯ ಆ ಬಿಳಿಚಿದ ಮುಖ ಕಣ್ಣ ಮುಂದಿತ್ತು. ಮಧ್ಯಾಹ್ನವೇ ಅಂಗಡಿ ಮುಚ್ಚಿ, ಕಾರು ಹತ್ತಿ ಗುಡ್ಡದ ಕಡೆ ಹೊರಟಳು.

ಹೊಲಮನೆಯ ಅಡುಗೆಕೋಣೆಯಲ್ಲಿ ಒಲೆಯ ಪಕ್ಕ ರಟ್ಟಿನ ಡಬ್ಬದೊಳಗೆ ಎರಡು ಎಳೆಯ ಕುರಿಮರಿಗಳಿದ್ದವು. ಹೆಲೆದ್‌ಳ ಅಪ್ಪ ಎಮ್ಲಿನ್ ಮಣೆಯ ಮೇಲೆ ಕೂತು, ಮೂರನೆಯದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಹೆಲೆದ್ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವೆಂಬುದು ಅವಳ ಕಣ್ಣಿನಲ್ಲೇ ತಿಳಿಯುತ್ತಿತ್ತು. ಜಾನೀನ್ ಕೂರಲೂ ಇಲ್ಲ. ತಪ್ಪು ತನ್ನದು, ಮಗುವಿನ ಕಣ್ಣಿಗೆ ಏನೂ ಆಗಿಲ್ಲ, ಹುಲ್ಲಿನ ಧೂಳಿಗೆ ಕಣ್ಣು ತುರಿಸುತ್ತಿರಬೇಕು ಅಷ್ಟೇ, ಅದಕ್ಕೆ ಹನಿ ಔಷಧಿ ತಂದಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಕ್ಷರಗಳ ಕತೆಯನ್ನೂ ಬಿಡದೆ ಹೇಳಿದಳು.

ಹೆಲೆದ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅದೇ ಏಪ್ರನ್ನಿನೊಳಗಿಂದ ನಗು ಕೇಳಿಸಿತು. “ಕೂತ್ಕೊಳ್ಳಿ ಡಾಕ್ಟ್ರೇ. ಟೀ ಕುಡಿದೇ ಹೋಗ್ಬೇಕು,” ಎಂದು ಒಣದ್ರಾಕ್ಷಿಯ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರತೊಡಗಿದಳು.

ಎಮ್ಲಿನ್ ಮರಿಯ ಬಾಯಿಂದ ಬಾಟಲಿ ತೆಗೆಯದೆ ಮಾತಾಡಿದ. “ಕೆರೆ ಕಾಣೋ ಅಂಗಡಿಯವ್ರಾ ನೀವು?”

“ಹೌದು.”

“ಅಲ್ಲಿಂದ ಕೆರೆ ಕಾಣಲ್ವಲ್ಲಾ. ಎದುರಿಗೆ ಬ್ಯಾಂಕು ಕಾಣ್ತದೆ.”

“ಅಪ್ಪಾ!” ಎಂದಳು ಹೆಲೆದ್.

“ಇದ್ದಿದ್ ಹೇಳ್ದೆ.” ಅವನ ಕಣ್ಣಿನಲ್ಲಿ ತುಂಟತನವಿತ್ತು. ಜಾನೀನ್ ಧೈರ್ಯ ಮಾಡಿ ಕೇಳಿಯೇಬಿಟ್ಟಳು: “ನಿಮ್ಮ ಕಾರ್ಡು ನಮ್ಮಲ್ಲಿದೆ. ನೀವ್ಯಾಕೆ ಈಗ ಬರಲ್ಲ?”

ಎಮ್ಲಿನ್ ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದ. “ಬೇಜಾರ್ ಮಾಡ್ಕೋಬ್ಯಾಡಿ. ಇಂಗ್ಲಿಷ್ ಮಾತಾಡೋದಂದ್ರೆ ನಂಗೆ ಮದ್ವೆ ಕೋಟು ತೊಟ್ಟಂಗೆ. ತೊಡ್ತೀನಿ, ಆದ್ರೆ ಅದ್ರಲ್ಲಿ ಕೈ ಎತ್ತಕ್ಕಾಗಲ್ಲ. ಪಾರಿ ಹತ್ರ ಆ ಕೋಟು ಬೇಕಾಗಿರ್ಲಿಲ್ಲ. ಈಗ ಹೆಂಗಿದ್ರೂ ತೊಡ್ಲೇಬೇಕು ಅಂದ್ರೆ, ರೆಕ್ಸಮ್‌ಗೇ ಹೋಗ್ತೀನಿ. ಅಲ್ಲಿ ಒಂದು ಕನ್ನಡಕ ಕೊಂಡ್ರೆ ಇನ್ನೊಂದು ಪುಕ್ಸಟ್ಟೆ.”

ಗುಡ್ಡ ಇಳಿಯುವಾಗ ಆ ಮಾತು ಜಾನೀನ್‌ಳ ತಲೆಯಲ್ಲೇ ಸುತ್ತುತ್ತಿತ್ತು. ಒಂದೂವರೆ ವರ್ಷ ಅವಳು ರೆಕ್ಸಮ್‌ನ ದೊಡ್ಡವರಿಗೆ ಸರಿಸಮ ನಿಲ್ಲಲು ಹೆಣಗಿದ್ದಳು: ಅವರದೇ ಫ್ರೇಮು, ಅವರದೇ ರಿಯಾಯಿತಿ, ಅವರದೇ ಥಳುಕು. ಅವರು ಕೊಡಲಾಗದ ಒಂದೇ ಒಂದನ್ನು ಪಾರಿಯವರು ಬಿಟ್ಟುಹೋಗಿದ್ದರು. ವೆಲ್ಶ್ ಹಲಗೆಯ ಜೊತೆ ಅದನ್ನೂ ಅವಳೇ ಏಣಿ ಹಾಕಿಸಿ ಇಳಿಸಿದ್ದಳು.

ಅಂಗಡಿಗೆ ಬಂದವಳೇ ನೆಸ್ಟಾಳ ಎದುರು ಕೂತಳು. “ನನಗೆ ಕಲಿಸಿ.”

“ಏನ್ ಕಲಿಸ್ಲಿ? ಈ ವಯಸ್ಸಲ್ಲಿ ವ್ಯಾಕರಣ ಹೇಳಕ್ಕೆ ನನಗೂ ಬರಲ್ಲ.”

“ವ್ಯಾಕರಣ ಬೇಡ. ಆ ಕುರ್ಚಿ ಹತ್ರ ನಾನು ದಿನಾ ಆಡೋ ಮಾತು ಅಷ್ಟೂ.”

ಬರೆದು ನೋಡಿದರೆ ಅವು ನಲವತ್ತು ಮಾತೂ ಇರಲಿಲ್ಲ. ಗದ್ದ ಇಲ್ಲಿಡಿ. ಮೇಲೆ ನೋಡಿ. ಒಂದನೇ ಗಾಜು ಚೆನ್ನಾಗಿದೆಯೋ ಎರಡನೆಯದೋ? ತಲೆನೋವು ಬರುತ್ತದೆಯೇ? ಬೆಳಗಿನ ಅರ್ಧ ಗಂಟೆ, ಬಾಗಿಲು ತೆರೆಯುವ ಮುಂಚೆ, ನೆಸ್ಟಾ ದೊಡ್ಡ ಕುರ್ಚಿಯಲ್ಲಿ ಕೂತು ಹಟಮಾರಿ ಗಿರಾಕಿಯಾಗುತ್ತಿದ್ದಳು. ತಪ್ಪು ಹೇಳಿದರೆ ಕಣ್ಣು ಮುಚ್ಚಿಕೊಂಡು “ಕಾಣಲ್ಲ” ಎನ್ನುತ್ತಿದ್ದಳು. ದೊಡ್ಡವರಿಗೆ ಹಾಕುವ ನೀವು, ಮಕ್ಕಳಿಗೆ ಹಾಕುವ ನೀನು ಅದಲುಬದಲಾಗಿ, ಜಾನೀನ್ ಒಂದು ದಿನ ಚರ್ಚಿನ ಪಾದ್ರಿಗಳನ್ನೇ “ಏ, ಗದ್ದ ಇಡೋ” ಎಂದುಬಿಟ್ಟಳು. ಪಾದ್ರಿಗಳು ಬೇಸರಿಸದೆ ಗದ್ದ ಇಟ್ಟರು.

ಪಟದ ಕೆಲಸವೂ ನಡೆಯಿತು. ಪಟ ತೋರಿಸುವ ಯಂತ್ರ ಮಾರಿದವರು ಅದರ ಅಕ್ಷರ ಬದಲಿಸಲಾಗದು ಎಂದರು. ಜಾನೀನ್ ಎರಡು ಭಾಷೆಗೂ ಸೇರಿದ ಅಕ್ಷರಗಳನ್ನಷ್ಟೇ ಆರಿಸಿ, ಅಳತೆ ಹಿಡಿದು ಬರೆದು, ಪೇಟೆಯ ಮುದ್ರಣದಂಗಡಿಯಲ್ಲಿ ದಪ್ಪ ಹಾಳೆಗೆ ಅಚ್ಚು ಹಾಕಿಸಿದಳು. ಮೊದಲು ಓದಿದ್ದು ಮಾಬ್ಲಿಯೇ. ಕೆಳಗಿನ ಸಾಲಿನವರೆಗೂ ಪಟಪಟನೆ ಓದಿ, ಮುಗಿಯಿತೇ, ಇನ್ನೂ ಇಲ್ಲವೇ ಎಂಬಂತೆ ನೋಡಿದಳು.

ಬಾಗಿಲ ಮೇಲೆ ಎರಡೂ ಭಾಷೆಯಲ್ಲಿ ಹೆಸರು ಬಂತು. ಏಪ್ರಿಲ್ ಹೋಯಿತು, ಮೇ ಹೋಯಿತು. ಒಂದಿಬ್ಬರು ಹಳಬರು ತಿರುಗಿ ಬಂದದ್ದು ಬಿಟ್ಟರೆ ಮಹಾ ಬದಲಾವಣೆಯೇನೂ ಕಾಣಲಿಲ್ಲ. ಅಂಚೆಯ ಹೆನ್ರಿಯಂತೂ ಅವಳು ವೆಲ್ಶಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ಅವಳ ಪಾಡು ನೋಡಲಾಗದೆಯೋ, ತನ್ನ ಸಮಯ ಉಳಿಸಲೋ, ತಿಳಿಯದು. ಕೆಲವು ಸಂಜೆ ಜಾನೀನ್‌ಗೆ ಇದೆಲ್ಲ ಹುಚ್ಚಾಟವೆನ್ನಿಸುತ್ತಿತ್ತು.

ಜೂನಿನಲ್ಲಿ ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲೆ, ಒಂದು ಬೆಳಗ್ಗೆ ಎಮ್ಲಿನ್ ಬಂದ. ಮಗಳು ಒತ್ತಾಯ ಮಾಡಿ ಕಳಿಸಿದ್ದೆಂದು ಮೊದಲೇ ಸಾರಿಬಿಟ್ಟ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. ಜಾನೀನ್ ಗಾಜು ಬದಲಿಸುತ್ತ, ಗಂಟಲು ಸರಿಮಾಡಿಕೊಂಡು ವೆಲ್ಶಿನಲ್ಲಿ ಕೇಳಿದಳು:

“ಈಗ ವಾಸಿಯೋ, ರಕ್ತವೋ?”

ಆ ಭಾಷೆಯಲ್ಲಿ ‘ಇನ್ನೂ ಕೆಟ್ಟದು’ ಎಂಬುದಕ್ಕೂ ‘ರಕ್ತ’ಕ್ಕೂ ನಾಲಿಗೆಯ ತುದಿಯಷ್ಟೇ ಅಂತರ. ಎಮ್ಲಿನ್ ಗಾಜಿನ ಹಿಂದಿನಿಂದ ಅವಳನ್ನು ದಿಟ್ಟಿಸಿದ.

“ರಕ್ತ ಬ್ಯಾಡ ಕಣವ್ವಾ. ಕನ್ನಡಕ ಕೊಟ್ರೆ ಸಾಕು, ಹೋಗ್ತೀನಿ.”

ಹೊರಗೆ ನೆಸ್ಟಾ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಜಾನೀನ್‌ಳ ಕಿವಿಯೆಲ್ಲ ಕೆಂಪಾಯಿತು. ಆದರೆ ಎಮ್ಲಿನ್‌ನ ಹೆಗಲು ಸಡಿಲಾಯಿತು. ಅವನು ಕುರ್ಚಿಗೆ ಒರಗಿ ಕೂತ. ಕೇಳದೆಯೇ ಮಾತಿಗೆ ಇಳಿದ. ಅವನ ಮಾತು ಹೊಳೆಯಂತೆ ಹರಿಯುತ್ತಿತ್ತು. ಜಾನೀನ್‌ಗೆ ಅಲ್ಲೊಂದು ಇಲ್ಲೊಂದು ಶಬ್ದ ಸಿಕ್ಕಿತು. ಗೇಟು. ಸೊಟ್ಟ. ಅಳಿಯ. ಮತ್ತೆ ಗೇಟು, ಮತ್ತೆ ಸೊಟ್ಟ.

ಅವಳ ಕೈ ನಿಂತಿತು. “ಇನ್ನೊಂದ್ಸಲ ಹೇಳಿ. ನಿಧಾನ,” ಎಂದು, ಅವನ ಮಾತು ಇಂಗ್ಲಿಷಿಗೆ ತಿರುಗಿಸಿ ಹೇಳಲು ನೆಸ್ಟಾಳನ್ನು ಕೂಗಿದಳು. ಈ ಸಲ ಒಂದು ಶಬ್ದವೂ ತಪ್ಪಬಾರದೆಂದು ಅವಳಿಗೆ ಅನ್ನಿಸಿತ್ತು.

“ಅದೇ ಕಣವ್ವಾ, ಕೆಳಗಿನ ಹೊಲದ ಗೇಟು. ಮೂರು ವಾರದಿಂದ ಅದ್ರ ಸರಳು ಸೊಟ್ಟ ಕಾಣ್ತದೆ, ಯಾರೋ ಮೇಲೆ ಕೂತು ಬಗ್ಗಿಸ್ದಂಗೆ. ಟ್ರಾಕ್ಟರಲ್ಲಿ ಗುದ್ದಿದೀಯ ಅಂತ ಅಳಿಯನ್ನ ಬೈದೆ. ಅವ್ನು ನೆಟ್ಟಗೇ ಐತಲ್ಲಾ ಮಾವ ಅಂತಾನೆ. ಇಬ್ರೂ ಮಾತು ಬಿಟ್ಟಿದೀವಿ.”

ಜಾನೀನ್ ಚೌಕಳಿ ಗೆರೆಗಳ ಕಾಗದವನ್ನು ಅವನ ಮುಂದೆ ಹಿಡಿದಳು. ಬಲಗಣ್ಣಿಗೆ ಗೆರೆಗಳು ನೆಟ್ಟಗಿದ್ದವು. ಎಡಗಣ್ಣಿಗೆ ನಡುವೆ ಅಲೆಯಾದವು. ಕಣ್ಣಿನ ಹಿಂದಿನ ಪರದೆಯ ಚಿತ್ರ ತೆಗೆದಾಗ ಅವಳ ಅನುಮಾನ ನಿಜವಾಯಿತು: ಸಣ್ಣ ರಕ್ತನಾಳವೊಂದು ಸೋರುತ್ತಿತ್ತು. ದಿನ ದೂಡಿದಷ್ಟೂ ನಡುವಿನ ನೋಟ ಹೋಗುತ್ತದೆ, ಮತ್ತೆ ಬರುವುದಿಲ್ಲ.

“ಇದನ್ನ ಯಾರಿಗೂ ಯಾಕೆ ಹೇಳ್ಲಿಲ್ಲ ನೀವು?”

“ಯಾರಿಗೆ ಹೇಳ್ಲಿ? ಬರೋ ಅಕ್ಟೋಬರಲ್ಲಿ ರೆಕ್ಸಮ್‌ಗೆ ಹೋಗೋದಿತ್ತು. ಅಲ್ಲಿ ಏನಾದ್ರೂ ತೊಂದ್ರೆ ಇದೆಯಾ ಅಂತ ಕೇಳ್ತಾರೆ. ಇಲ್ಲ ಅಂತೀನಿ. ಗೇಟಿನ ಕತೆ ಇಂಗ್ಲಿಷಲ್ಲಿ ಎಲ್ಲಿಂದ ಶುರುಮಾಡ್ಲಿ? ಮುದುಕಂಗೆ ಅರಳುಮರಳು ಅನ್ಕೊಂಡಾರು.”

ಜಾನೀನ್ ಆಗಲೇ ಫೋನೆತ್ತಿಕೊಂಡಿದ್ದಳು. ಆಸ್ಪತ್ರೆಯವರು ಮುಂದಿನ ವಾರ ಎಂದರು, ಅವಳು ಬಿಡಲಿಲ್ಲ. ಕೊನೆಗೆ ಮರುದಿನ ಬೆಳಗ್ಗೆಗೆ ಒಪ್ಪಿಸಿದಳು. ಸುದ್ದಿ ತಿಳಿದು ಕಾರು ತಂದವನು ಮಾತು ಬಿಟ್ಟಿದ್ದ ಅದೇ ಅಳಿಯ.

ಸೋರಿಕೆ ನಿಲ್ಲಿಸಲು ಕಣ್ಣಿಗೇ ಸೂಜಿ ಹಾಕಿಸಿಕೊಳ್ಳುವುದೆಂದರೆ ಯಾರಿಗೂ ಹಿತವಲ್ಲ. ಎಮ್ಲಿನ್ ಆ ಬೇಸಿಗೆಯಲ್ಲಿ ಮೂರು ಸಲ, ಆಮೇಲೂ ಕೆಲವು ಸಲ ಹಾಕಿಸಿಕೊಂಡ. ಎಡಗಣ್ಣಿನ ನಡುವೆ ಒಂದು ಮಬ್ಬು ಉಳಿದೇ ಉಳಿಯಿತು. ಸಣ್ಣ ಅಕ್ಷರ ಅದಕ್ಕೆ ಇನ್ನು ಕಾಣದು. ಆದರೆ ಅದು ಬೆಳೆಯುವುದು ನಿಂತಿತು. ಅವನು ಟ್ರಾಕ್ಟರು ಓಡಿಸಿದ, ಕುರಿ ನೋಡಿಕೊಂಡ, ಅಳಿಯನಿಗೆ ಬಯ್ಯಲು ಬೇರೆ ಕಾರಣ ಹುಡುಕಿಕೊಂಡ.

ಮತ್ತೆ, ಬಾಯಿ ಮುಚ್ಚಿಕೊಂಡು ಇರುವ ಮನುಷ್ಯನಲ್ಲ ಅವನು. ಕುರಿಸಂತೆಯಲ್ಲಿ, ಚರ್ಚಿನ ಬಾಗಿಲಲ್ಲಿ, ಗಂಡಸರ ಹಾಡಿನ ಮೇಳದಲ್ಲಿ, ಎಲ್ಲ ಕಡೆ ಗೇಟಿನ ಕತೆ ಹೇಳಿದ; ರಕ್ತದ ಕತೆಯನ್ನು ಅದಕ್ಕಿಂತ ಮೊದಲೇ ಹೇಳಿದ. ಜನ ನಗುತ್ತ ನಗುತ್ತ ಬರತೊಡಗಿದರು. ಕೆಲವರು ಅವಳು ಏನು ತಪ್ಪು ಹೇಳುತ್ತಾಳೋ ನೋಡೋಣವೆಂದೇ ಬಂದರು. ಬಂದವರು ಕುರ್ಚಿಯಲ್ಲಿ ಕೂತು, ಅವಳ ಮಾತು ತಿದ್ದಿ, ತಮ್ಮ ಕಣ್ಣಿನ ಕಷ್ಟ ಹೇಳಿಕೊಂಡು, ಹೋಗುವಾಗ ಅಮ್ಮನಿಗೂ ಒಂದು ಸಮಯ ಗೊತ್ತುಮಾಡಿಕೊಂಡು ಹೋದರು. ಸೆಪ್ಟೆಂಬರಿನ ಹೊತ್ತಿಗೆ, ಎರಡು ವಾರ ಮುಂಚೆ ಹೇಳದಿದ್ದರೆ ಜಾಗವಿಲ್ಲವೆನ್ನುವಂತಾಯಿತು. ನೆಸ್ಟಾಗೆ ಕೈಸಾಲದೆ, ಫ್ರೇಮು ಕೂರಿಸಲು ಸಿಯಾನ್ ಎಂಬ ಹುಡುಗಿಯನ್ನು ಸೇರಿಸಿಕೊಂಡರು. ಕೆಲಸಕ್ಕೆ ಕರೆದ ಜಾಹೀರಾತಿನಲ್ಲಿ ಜಾನೀನ್ ತಾನೇ ಬರೆದಿದ್ದಳು: ವೆಲ್ಶ್ ಬರಲೇಬೇಕು.

ಎಲ್ಲರೂ ತಿರುಗಿ ಬರಲಿಲ್ಲ. ರೆಕ್ಸಮ್ ಬಸ್ಸು ಖಾಲಿಯೇನೂ ಓಡುತ್ತಿರಲಿಲ್ಲ. ಪುಕ್ಕಟೆಯ ಎರಡನೇ ಕನ್ನಡಕ ಬೇಕಾದವರಿಗೆ ಅದು ಬೇಕೇ ಬೇಕಿತ್ತು. ಆದರೆ ಜಾನೀನ್‌ಗೆ ಕಿಟಕಿಯ ಹತ್ತಿರ ನಿಲ್ಲಲು ಪುರುಸೊತ್ತಿರಲಿಲ್ಲ.

ಚಳಿಗಾಲದಲ್ಲಿ ಬೆಟ್ಟದ ಆಚೆಯ ಟ್ರಾಸ್‌ವಿನಿತ್ ಹಳ್ಳಿಯಿಂದ ಕೆಲವರು ಕೇಳಿ ಕಳಿಸಿದರು. ಅಲ್ಲಿ ಮುದುಕರೇ ಹೆಚ್ಚು, ಬಸ್ಸು ಕಡಿಮೆ. ತಿಂಗಳಿಗೊಂದು ದಿನ ನೀವೇ ಬರಬಾರದೇ ಎಂದು. ಫೆಬ್ರವರಿಯ ಮೊದಲ ಮಂಗಳವಾರ ಜಾನೀನ್ ಯಂತ್ರಗಳನ್ನು ಕಾರಿಗೆ ತುಂಬಿಕೊಂಡು, ಸಿಯಾನ್‌ಳನ್ನು ಕೂರಿಸಿಕೊಂಡು ಹೊರಟಳು. ಹಳ್ಳಿಯ ಸಭಾಭವನದ ಬೀಗ ತೆಗೆಯುವ ಮುಂಚೆಯೇ ಏಳು ಜನ ಮಂಜಿನಲ್ಲಿ ಕಾಲು ಬಡಿಯುತ್ತ ನಿಂತಿದ್ದರು.

ಮೊದಲು ಕೂತವನು ಎಂಬತ್ತು ದಾಟಿದ ಒಬ್ಬ ಮುದುಕ. ಅವಳು ಯಂತ್ರ ಸರಿಮಾಡುತ್ತಿರುವಾಗ ಅವನು ಅವಳ ಮುಖವನ್ನೇ ನೋಡುತ್ತ ಕೇಳಿದ:

“ಯಾರ ಮಗಳಮ್ಮಾ ನೀನು?”

“ನಿಮಗೆ ಗೊತ್ತಿರಲಿಕ್ಕಿಲ್ಲ ಅಜ್ಜಾ. ನ್ಯೂಪೋರ್ಟಿನ ರೇ ಪ್ರಾಬರ್ಟ್ ಅಂತ. ಹಡಗುಕಟ್ಟೇಲಿ ಕ್ರೇನು ಓಡಿಸ್ತಿದ್ರು,” ಎಂದಳು ಜಾನೀನ್, ವೆಲ್ಶಿನಲ್ಲಿ.

“ನ್ಯೂಪೋರ್ಟಾ? ನನ್ನ ತಂಗಿ ಗಂಡ ಅಲ್ಲೇ ಹದಿನೆಂಟು ವರ್ಷ ಕೆಲಸಕ್ಕಿದ್ದ. ಕೆಂಪು ಕೂದಲು. ದೊಡ್ಡ ಬಾಯಿ. ನಿಮ್ಮಪ್ಪಂಗೆ ಗೊತ್ತಿರಲೇಬೇಕು.”

“ಕೇಳಿ ನೋಡ್ತೀನಿ. ಈಗ ಗದ್ದ ಇಲ್ಲಿಡಿ.”

“ಇಡ್ತೀನಿ ತಾಳಮ್ಮಾ. ಅವನ ಹೆಸರು ಹೇಳ್ಬಿಡ್ತೀನಿ, ಇಲ್ದಿದ್ರೆ ಯಾರು ಅವನು ಅಂತ ನಿಮ್ಮಪ್ಪ ಕೇಳ್ತಾರೆ.”

ಅವನು ಹೆಸರು ಹೇಳಿದ, ಮದುವೆಯಾದ ವರ್ಷ ಹೇಳಿದ, ಆ ಮದುವೆಯಲ್ಲಿ ಮಳೆ ಬಂದದ್ದನ್ನು ಹೇಳಿದ. ಕಾಯುತ್ತಿದ್ದ ಆರು ಜನರಲ್ಲಿ ಒಬ್ಬಳು ಮಳೆಯಲ್ಲ, ಆಲಿಕಲ್ಲು ಎಂದು ತಿದ್ದಿದಳು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಜಾನೀನ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.